ಲೆಕ್ಕದಲ್ಲಿ ಮುಂದಿರುವ ಮಗುವಿಗೆ ಎಷ್ಟನೇ ಕ್ಲಾಸಿನ ಗಣಿತ?

ಮಗುವನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವವರಿಗೆ ದಾವಣಗೆರೆಯಲ್ಲಿ ತಪ್ಪದ ಪ್ರಶ್ನೆ ಇದು: "ನಿಮ್ಮ ಮಗಳು ಈಗ ಎಷ್ಟನೇ ಕ್ಲಾಸಿನ ಲೆಕ್ಕ ಮಾಡ್ತಾಳ್ರೀ?" ಅದರಲ್ಲೂ ಮಗು ಲೆಕ್ಕದಲ್ಲಿ ಸ್ವಲ್ಪ ಚುರುಕು ಅಂತ ಗೊತ್ತಾದರೆ ಮುಗೀತು. ಹತ್ತನೇ ಕ್ಲಾಸಿನದು ಶುರು ಮಾಡಿಸಿ, ಈಗಿನಿಂದಲೇ ಫೌಂಡೇಶನ್ ಕೋಚಿಂಗ್‌ಗೆ ಹಾಕಿ, ಅಂತ ಸಲಹೆ ಬರುತ್ತಲೇ ಇರುತ್ತೆ. ಕೋಚಿಂಗ್ ಊರು ನಮ್ಮದು, ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಇದಕ್ಕೆ ನನ್ನ ಹತ್ತಿರ ಒಂದೇ ನಂಬರಿನ ಉತ್ತರ ಇಲ್ಲ.

ನನ್ನ ಮಗಳಿಗೆ ಒಂಬತ್ತು ವರ್ಷ. ವಯಸ್ಸು ನೋಡಿದರೆ ನಾಲ್ಕನೇ ಕ್ಲಾಸ್. ಗುಣಾಕಾರ, ಭಾಗಾಕಾರ, ದಶಮಾಂಶ ಎಲ್ಲ ಆರನೇ ಕ್ಲಾಸಿನ ಮಟ್ಟಕ್ಕೆ ಸಲೀಸು. ಅವಿಭಾಜ್ಯ ಸಂಖ್ಯೆ, ಶೇಷ ಅಂದರೆ ಊಟ ಬಿಟ್ಟು ಕೂರುತ್ತಾಳೆ, ಅಲ್ಲಿ ಎಂಟನೇ ಕ್ಲಾಸಿನ ಲೆಕ್ಕವೂ ಅವಳಿಗೆ ಜಾಸ್ತಿ ಆಗಲ್ಲ. ಕೈವಾರ, ಕೋನಮಾಪಕ ಹಿಡಿದರೆ ಮಾತ್ರ ಅವಳ ಓರಗೆಯ ಮಕ್ಕಳ ಹಾಗೇ. ಉತ್ತರವನ್ನು ಸಾಲಾಗಿ ಬರೆದು ತೋರಿಸುವುದರಲ್ಲಿ ಇನ್ನೂ ಹಿಂದೆ. ಇವನ್ನೆಲ್ಲ ಸೇರಿಸಿ ಯಾವ ಕ್ಲಾಸ್ ಅಂತ ಹೇಳಲಿ? ಹಾಗಾಗಿ ವಿಷಯಕ್ಕೆ ಒಂದೊಂದು ಮಟ್ಟ ಇಟ್ಟುಕೊಂಡಿದ್ದೇವೆ. ಮನೆಯಲ್ಲಿ ಓದಿಸುವುದರ ದೊಡ್ಡ ಅನುಕೂಲವೇ ಇದು ಅಲ್ವಾ?

ಮಟ್ಟ ಕಂಡುಹಿಡಿಯುವುದು ಹೇಗೆ ಅನ್ನುವುದೇ ಕಷ್ಟದ ಭಾಗ. ವೇಗ ನೋಡಿ ನಿರ್ಧರಿಸಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ. ಅಬ್ಯಾಕಸ್ ಕಲಿತ ಮಗು ನಾಲ್ಕಂಕಿಯ ಬಾಯಿಲೆಕ್ಕ ಕ್ಷಣದಲ್ಲಿ ಹೇಳಬಹುದು, ಅದು ಒಳ್ಳೆಯ ಕೌಶಲವೇ, ಆದರೆ ಬೀಜಗಣಿತಕ್ಕೆ ಸಿದ್ಧವಾಗಿದೆಯೇ ಅನ್ನುವುದನ್ನು ಅದು ಹೇಳುವುದಿಲ್ಲ. ಅಧ್ಯಾಯದ ಕೊನೆಯ ಅಭ್ಯಾಸದ ಲೆಕ್ಕಗಳೂ ಅಷ್ಟೇ. ಅಧ್ಯಾಯದ ಹೆಸರೇ ವಿಧಾನವನ್ನು ಬಿಟ್ಟುಕೊಟ್ಟಿರುತ್ತೆ. ಶೇಕಡಾ ಅಂತ ಮೇಲೆ ಬರೆದಿದ್ದರೆ ಮಗು ನೂರರಿಂದ ಭಾಗಿಸುತ್ತೆ, ಉತ್ತರ ಸರಿ ಬರುತ್ತೆ.

ನಾನು ಮಾಡುವುದು ಬೇರೆ. ವಿಧಾನ ಹೇಳದೆ, ಯಾವ ಅಧ್ಯಾಯ ಅಂತಲೂ ಹೇಳದೆ ಒಂದು ಲೆಕ್ಕ ಕೊಡುತ್ತೇನೆ. 5/7 ದೊಡ್ಡದೋ 7/10 ದೊಡ್ಡದೋ? ಸುತ್ತಳತೆ 20 ಮೀಟರ್ ಇರುವ ಆಯತಗಳ ವಿಸ್ತೀರ್ಣ ಎಲ್ಲ ಒಂದೇನಾ? ಅರ್ಧದಿಂದ ಭಾಗಿಸಿದರೆ ಉತ್ತರ ಯಾಕೆ ದೊಡ್ಡದಾಗುತ್ತೆ? "ತಲೆಕೆಳಗೆ ಮಾಡಿ ಗುಣಿಸಬೇಕು" ಅಂದರೆ ವಿಧಾನ ಬಂದಿದೆ, ಇನ್ನೂ ಅರ್ಥ ಬಂದಿಲ್ಲ. ಮುಕ್ಕಾಲು ಲೀಟರ್ ಹಾಲಿನಲ್ಲಿ ಅರ್ಧ ಲೀಟರಿನ ಪಾತ್ರೆ ಒಂದೂವರೆ ಸಲ ತುಂಬುತ್ತೆ ಅಂತ ತನ್ನ ಮಾತಲ್ಲಿ ಹೇಳಿದರೆ ಮುಂದೆ ಹೋಗಬಹುದು.

ನನಗೆ ತುಂಬಾ ಇಷ್ಟವಾದ ಪರೀಕ್ಷೆ ನಮ್ಮ ಕಡೆಯದೇ. ಸುಗ್ಗಿಯಲ್ಲಿ ಇಲ್ಲಿನ ರಸ್ತೆ ಬದಿಗಳಲ್ಲಿ ಮೆಕ್ಕೆಜೋಳ ಒಣಹಾಕಿರುವುದನ್ನು ಎಲ್ಲರೂ ನೋಡಿರುತ್ತೀರಿ. 110 ಕ್ವಿಂಟಾಲ್ ಜೋಳ ಇದೆ, ಅದರಲ್ಲಿ ತೇವಾಂಶ 20%. ಒಣಗಿಸಿ 12%ಕ್ಕೆ ಇಳಿಸಿದರೆ ಎಷ್ಟು ಕ್ವಿಂಟಾಲ್ ಉಳಿಯುತ್ತೆ? ಮಕ್ಕಳು, ದೊಡ್ಡವರೂ ಸೇರಿ, 8% ಕಳೆದುಬಿಡುತ್ತಾರೆ. 101.2 ಅನ್ನುತ್ತಾರೆ. ಆದರೆ ಕಮ್ಮಿಯಾಗುವುದು ನೀರು ಮಾತ್ರ. ಒಣ ಕಾಳಿನ ತೂಕ 88 ಕ್ವಿಂಟಾಲ್, ಅದು ಹಾಗೇ ಇರುತ್ತೆ. ಒಣಗಿದ ಮೇಲೆ ಆ 88 ಅನ್ನುವುದು ಒಟ್ಟು ತೂಕದ 88%, ಅಂದರೆ ಒಟ್ಟು 100 ಕ್ವಿಂಟಾಲ್. ಶೇಕಡಾ ಯಾವುದರ ಶೇಕಡಾ ಅನ್ನುವುದನ್ನು ಮಗು ಹಿಡಿದಿದೆಯೋ ಇಲ್ಲವೋ ಈ ಒಂದೇ ಲೆಕ್ಕದಲ್ಲಿ ಗೊತ್ತಾಗುತ್ತೆ. ಸುಲಭವಾಗಿ ಮಾಡಿತಾ, ಶೇಕಡಾ ಅಧ್ಯಾಯವನ್ನು ದಾಟಿಸಿ, ಐವತ್ತು ಲೆಕ್ಕ ಮಾಡಿಸುವ ಅಗತ್ಯ ಇಲ್ಲ. ತಡವರಿಸಿತಾ, ಅಲ್ಲೇ ಇನ್ನೊಂದಿಷ್ಟು ದಿನ ಇರಿ.

ಇನ್ನೊಂದು ಎಚ್ಚರ. ಇಂಗ್ಲಿಷ್ ಪುಸ್ತಕದ ಉದ್ದುದ್ದ ಹೇಳಿಕೆ ಲೆಕ್ಕದಲ್ಲಿ ಮಗು ಸೋತರೆ, ಅದನ್ನೇ ಕನ್ನಡದಲ್ಲಿ ಬಾಯಲ್ಲಿ ಹೇಳಿ ನೋಡಿ. ಥಟ್ಟನೆ ಮಾಡಿದರೆ ತೊಂದರೆ ಓದಿನದು. ಅದಕ್ಕಾಗಿ ಗಣಿತವನ್ನು ಹಿಂದಕ್ಕೆ ಹಿಡಿಯಬಾರದು. ಬರವಣಿಗೆ ನಿಧಾನ ಇರುವ ಮಗುವಿಗೂ ಇದೇ ಮಾತು. ಮಗು ಹೇಳಲಿ, ನೀವು ಬರೆದುಕೊಳ್ಳಿ, ಬರೆಯುವ ಅಭ್ಯಾಸ ಬೇರೆ ಹೊತ್ತಲ್ಲಿ ಮಾಡಿಸಿ.

ಮಗು ಒಂದು ಮಟ್ಟ ಮುಗಿಸಿದ ಕೂಡಲೇ ಮುಂದಿನ ಕ್ಲಾಸಿನ ಪುಸ್ತಕ ಕೈಗೆ ಕೊಡಬೇಕಾ? ಕೊಡಬಹುದು, ತಪ್ಪೇನಿಲ್ಲ. ಆದರೆ ಅದೇ ವಿಷಯದಲ್ಲಿ ಆಳಕ್ಕೆ ಇಳಿಯಲು ಎಷ್ಟೊಂದು ಇದೆ ಅಂತ ನೋಡಿದರೆ ನಿಜಕ್ಕೂ ಆಶ್ಚರ್ಯ ಆಗುತ್ತೆ. ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯರು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಗುಣಲಬ್ಧಗಳನ್ನು ಕೊಟ್ಟಿದ್ದಾರೆ. 152207ನ್ನು 73ರಿಂದ ಗುಣಿಸಿದರೆ 11111111 ಬರುತ್ತೆ. ಗುಣಿಸಿ ನೋಡುವುದು ನಾಲ್ಕನೇ ಕ್ಲಾಸಿನ ಕೆಲಸ. ಹೀಗೆ ಯಾಕೆ ಬರುತ್ತೆ ಅಂತ ಕೇಳಿದರೆ ಎಂಟು ಒಂದುಗಳನ್ನು ಒಡೆಯಬೇಕಾಗುತ್ತೆ. ಅದು 1111 ಗುಣಿಸು 10001. ಮೊದಲನೆಯದು 11 ಗುಣಿಸು 101, ಎರಡನೆಯದು 73 ಗುಣಿಸು 137. ಆರು ಒಂದುಗಳಿದ್ದರೆ? ಏಳಿದ್ದರೆ? ನನ್ನ ಮಗಳು ಇದರ ಹಿಂದೆ ಬಿದ್ದು ಎಷ್ಟೋ ಸಂಜೆ ಕಳೆದಳು, ಏಳು ಒಂದುಗಳು ಅವಳನ್ನು ಚೆನ್ನಾಗಿ ಕಾಡಿದವು (239 ಗುಣಿಸು 4649, ಸುಮ್ನೆ ಸಿಗುವಂಥದ್ದಲ್ಲ). ಮುಂದಿನ ಕ್ಲಾಸಿನ ಯಾವ ಅಧ್ಯಾಯವೂ ಇಲ್ಲದೆ ಅವಳಿಗೆ ಅಷ್ಟು ಕಷ್ಟದ, ಅಷ್ಟು ಖುಷಿಯ ಗಣಿತ ಸಿಕ್ಕಿತು.

ಅವಸರ ಯಾಕೆ ಬೇಡ ಅನ್ನುವುದಕ್ಕೆ ಒಂದು ವ್ಯಾವಹಾರಿಕ ಕಾರಣವೂ ಇದೆ. ನಮ್ಮಂಥವರು ಹೆಚ್ಚಾಗಿ ನೋಡುವುದು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) ಪರೀಕ್ಷೆಯನ್ನು. ಅಲ್ಲಿ ಹತ್ತನೇ ಕ್ಲಾಸಿಗೆ ಸೇರಲು ಮಗುವಿಗೆ 14 ವರ್ಷ ತುಂಬಿರಬೇಕು. ಹನ್ನೊಂದಕ್ಕೇ ಹತ್ತನೇ ಕ್ಲಾಸಿನ ಗಣಿತ ಮುಗಿಸಿದರೂ ಕಾಯಲೇಬೇಕು. ಗಣಿತ ಒಲಿಂಪಿಯಾಡ್ ಸ್ಪರ್ಧೆಯ ಆಸೆ ಇರುವವರಂತೂ ಗಮನಿಸಿ, ಅದಕ್ಕೆ ಕಲನಶಾಸ್ತ್ರ (ಕ್ಯಾಲ್ಕುಲಸ್) ಬೇಕಿಲ್ಲ. ಬೇಕಿರುವುದು ಸಂಖ್ಯಾಶಾಸ್ತ್ರ (ನಂಬರ್ ಥಿಯರಿ), ಅಂದರೆ ಜ್ಯೋತಿಷ್ಯದ್ದಲ್ಲ, ಈ ಅವಿಭಾಜ್ಯ, ಶೇಷದ ಲೆಕ್ಕಗಳೇ. ಅದರ ಜೊತೆ ಬೀಜಗಣಿತ, ರೇಖಾಗಣಿತ, ಎಷ್ಟು ರೀತಿಯಲ್ಲಿ ಜೋಡಿಸಬಹುದು ಅಂತ ಎಣಿಸುವ ಲೆಕ್ಕಗಳು, ಇಷ್ಟೇ. ಅದರ ಮೊದಲ ಹಂತದ ಅರ್ಹತಾ ಪರೀಕ್ಷೆಯಾದ ಐಒಕ್ಯೂಎಂ ಎಂಟನೇ ಕ್ಲಾಸ್ ಮತ್ತು ಅದರ ಮೇಲಿನವರಿಗೆ.

ಹಾಗಂತ ಮಗುವನ್ನು ಸುಲಭದ ಲೆಕ್ಕದಲ್ಲೇ ಕೂರಿಸುವುದೂ ಅನ್ಯಾಯ, ಇದನ್ನು ಒತ್ತಿ ಹೇಳುತ್ತೇನೆ. ದಿನಗಟ್ಟಲೆ ಒಂದೂ ತಪ್ಪಿಲ್ಲದೆ, ಪೆನ್ಸಿಲ್ ಎತ್ತದೆ ಉತ್ತರ ಹೇಳುತ್ತಿದೆ ಅಂದರೆ ಆ ಪುಸ್ತಕ ಅದಕ್ಕೆ ಏನನ್ನೂ ಕಲಿಸುತ್ತಿಲ್ಲ. ಕಷ್ಟ ಅಂದರೇನು ಅಂತಲೇ ಗೊತ್ತಿಲ್ಲದೆ ಬೆಳೆದ ಚುರುಕು ಮಗು ಮುಂದೆ ಮೊದಲ ಗಟ್ಟಿ ಲೆಕ್ಕ ಎದುರಾದಾಗ ಹೆದರಿಬಿಡುತ್ತೆ. ಕೆಲವು ಲೆಕ್ಕ ಬರಬೇಕು, ಕೆಲವು ಒದ್ದಾಡಿಸಬೇಕು, ಒಂದೆರಡು ನಾಳೆಗೂ ಉಳಿಯಬೇಕು. ಪ್ರತಿದಿನ ಅಳುತ್ತಿದ್ದರೆ ಮಾತ್ರ ಮೆಟ್ಟಿಲು ಇಳಿಸಿ. ಎನ್‌ಸಿಇಆರ್‌ಟಿ ಪುಸ್ತಕಗಳು ನೆಟ್‌ನಲ್ಲಿ ಪುಕ್ಕಟೆ ಸಿಗುವುದರಿಂದ ಮೇಲಿನದು, ಕೆಳಗಿನದು ಎರಡನ್ನೂ ತೆರೆದು ಹೋಲಿಸಲು ಖರ್ಚೇನಿಲ್ಲ.

ಸದ್ಯಕ್ಕೆ ನಮ್ಮನೆಯಲ್ಲಿ ಏಳನೇ ಕ್ಲಾಸಿನ ಬೀಜಗಣಿತ ಶುರುವಾಗಿದೆ, ಕೈವಾರದ ಕೆಲಸ ಐದನೇ ಕ್ಲಾಸಿನದೇ ನಡೆದಿದೆ. ಎಣಿಕೆಯ ಲೆಕ್ಕಗಳನ್ನು ಜೊತೆಗಾರರೊಂದಿಗೆ ವಾದ ಮಾಡುತ್ತಾ ಕಲಿತರೆ ಚೆನ್ನ, ಅದೊಂದು ನನ್ನ ಕೈಯಲ್ಲಿ ಪೂರ್ತಿ ಆಗುವಂಥದ್ದಲ್ಲ. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಮಕ್ಕಳನ್ನು ಮನೆಯಲ್ಲಿ ಓದಿಸುವವರು ಇದ್ದರೆ ತಿಳಿಸಿ, ಶಾಲೆಗೆ ಹೋಗುವ ಮಕ್ಕಳಾದರೂ ಸರಿ. ಭಾನುವಾರ ಬೆಳಿಗ್ಗೆ ನಮ್ಮನೆಯಲ್ಲೇ ನಾಲ್ಕಾರು ಮಕ್ಕಳು ಕೂತು ಲೆಕ್ಕ ಬಿಡಿಸುವ ಹಾಗೆ ಮಾಡೋಣ. ಯಾವ ಕ್ಲಾಸ್ ಅಂತ ಕೇಳುವುದಿಲ್ಲ, ತಿಂಡಿ ನಮ್ಮನೆಯದೇ.