ಮತ್ತಾಯಕ್ಕಿಂತ ಮೊದಲು ಥೆಸಲೋನಿಕ

ತುಮಕೂರು, 14 ನವೆಂಬರ್ 2024, ಗುರುವಾರ ರಾತ್ರಿ

"ಹಂಗಾದ್ರೆ ಪೌಲನ ಕೈಲಿ ಮತ್ತಾಯನ ಸುವಾರ್ತೆ ಇರ್ಲೇ ಇಲ್ವೇನಪ್ಪಾ?" ಸತ್ಯವೇದದ ಪುಸ್ತಕಗಳನ್ನು ಬರೆದ ಕಾಲದ ಕ್ರಮದಲ್ಲಿ ಓದುವ ನಮ್ಮ ಕೂಟ ಮುಗಿದು ಚಾಪೆ ಸುತ್ತುವಾಗ ಟೀಚರಮ್ಮ ಕೇಳಿದರು. ಇರಲಿಲ್ಲ ಅಮ್ಮ ಅಂದೆ. ಅವರಿಗೆ ದಿಗಿಲಾಯಿತು.

ದಿಗಿಲಾಗುವುದು ಸಹಜ. ಸತ್ಯವೇದದ ಹೊಸ ಒಡಂಬಡಿಕೆ ತೆರೆದರೆ ಯೇಸುವಿನ ಕಥೆ ಹೇಳುವ ಮತ್ತಾಯನ ಸುವಾರ್ತೆ ಮೊದಲು ಸಿಗುತ್ತದೆ, ಪತ್ರಗಳು ಆಮೇಲೆ. ಆದರೆ ಆ ಜೋಡಣೆ ಬರೆದ ಕಾಲದ್ದಲ್ಲ. ಅಪೊಸ್ತಲ ಪೌಲ ಮೊದಲ ಕ್ರೈಸ್ತ ಸಭೆಗಳಿಗೂ ಒಬ್ಬೊಬ್ಬರಿಗೂ ಬರೆದ ಪತ್ರಗಳನ್ನಂತೂ ಹೆಚ್ಚುಕಡಿಮೆ ಉದ್ದ ನೋಡಿ ಇಟ್ಟಿದ್ದಾರೆ: ಸಭೆಗಳಿಗೆ ಬರೆದವುಗಳಲ್ಲಿ ದೊಡ್ಡದಾದ ರೋಮಾಪುರ ಮುಂದೆ, ಆಮೇಲೆ ಒಬ್ಬೊಬ್ಬರಿಗೆ ಬರೆದವು, ಕೊನೆಗೆ ಒಂದೇ ಅಧ್ಯಾಯದ ಫಿಲೆಮೋನ.

ಕಾಲ ಹಿಡಿಯಲು ಗಟ್ಟಿಯಾದ ಗೂಟ ಒಂದಿದೆ. ಅಪೊಸ್ತಲರ ಕೃತ್ಯಗಳು 18ರಲ್ಲಿ ಪೌಲನನ್ನು ಕೊರಿಂಥದಲ್ಲಿ ರೋಮನ್ ಅಧಿಪತಿ ಗಲ್ಲಿಯೋನನ ಮುಂದೆ ಎಳೆದು ತರುತ್ತಾರೆ. ಗ್ರೀಸಿನ ದೆಲ್ಫಿಯಲ್ಲಿ ಸಿಕ್ಕ ಕಲ್ಲುಬರಹದ ಚೂರುಗಳಲ್ಲಿ ರೋಮನ್ ಚಕ್ರವರ್ತಿ ಕ್ಲೌದ್ಯನ ಪತ್ರವಿದೆ, ಅದರಲ್ಲಿ ಇದೇ ಗಲ್ಲಿಯೋನನ ಹೆಸರಿದೆ. ಅವನ ಅಧಿಕಾರ ಕ್ರಿ.ಶ. 51-52ರ ಸುಮಾರಿಗೆ ಬರುತ್ತದೆ. ಪೌಲ ಕೊರಿಂಥದಲ್ಲಿ ಒಂದೂವರೆ ವರ್ಷ ಇದ್ದ. ಜೊತೆಗಾರ ತಿಮೊಥೆಯ, ಥೆಸಲೋನಿಕ ಇರುವ ಮಕೆದೋನ್ಯದಿಂದ ಬಂದು ಸೇರಿದ್ದೂ ಅಲ್ಲೇ (18:5). ಅವನು ತಂದ ಸುದ್ದಿ ಕೇಳಿಯೇ ಬರೆಯುತ್ತಿದ್ದೇನೆ ಅನ್ನುವುದು 1 ಥೆಸಲೋನಿಕ 3:6. ಹಾಗಾಗಿ ಆ ಪತ್ರ 50-51ರದು. ಮಾರ್ಕನ ಸುವಾರ್ತೆ 70ರ ಆಸುಪಾಸು ಎಂಬುದು ಹೆಚ್ಚಿನ ವಿದ್ವಾಂಸರ ಲೆಕ್ಕ. ಮತ್ತಾಯ, ಲೂಕ ಅದನ್ನು ಬಳಸಿಕೊಂಡೇ ಬರೆದವು.

ನಾವು ಮಣ್ಣು ಮಾಡುವಾಗ ಓದಿಸುವ 4:13-18 ಇದೇ ಪತ್ರದ್ದು. ಸಾವಿನ ಮನೆಯಲ್ಲಿ ಕೇಳೀ ಕೇಳೀ ಅದು ನಮಗೆ ಪದ್ಧತಿಯಾಗಿಬಿಟ್ಟಿದೆ. ಮೊದಲ ಪತ್ರ ಅಂತ ಓದಿ ನೋಡಿ. ಶಿಲುಬೆಯಾಗಿ ಇಪ್ಪತ್ತು ವರ್ಷವಷ್ಟೇ ಕಳೆದಿದೆ. ಕರ್ತನು ಬರುವ ಮೊದಲೇ ತಮ್ಮವರು ತೀರಿಕೊಂಡರಲ್ಲ, ಅವರ ಗತಿಯೇನು ಅಂತ ಒಂದು ಸಣ್ಣ ಸಭೆ ಕಂಗಾಲಾಗಿದೆ. ಮುಂದೆ ತಿರುವಿ ತೋರಿಸೋಣವೆಂದರೆ ಅವರ ಕೈಯಲ್ಲಿ ಸುವಾರ್ತೆಯ ಪುಸ್ತಕ ಇಲ್ಲ. ಇದ್ದದ್ದು ಈ ಪತ್ರ.

ಹಾಗಂತ ಸುವಾರ್ತೆಯೇ ಇರಲಿಲ್ಲ ಅಂತಲ್ಲ. ಟೀಚರಮ್ಮನಿಗೆ 1 ಕೊರಿಂಥ 11:23 ತೆಗೆದುಕೊಟ್ಟೆ. ಯೇಸುವಿನ ಕೊನೆಯ ಊಟದ ರೊಟ್ಟಿ, ಪಾತ್ರೆಯ ಮಾತು ಅಲ್ಲಿದೆ, ಮಾರ್ಕನಿಗಿಂತ ಹದಿನೈದು ವರ್ಷವಾದರೂ ಮುಂಚೆ. 15:3ರಲ್ಲೂ ಪೌಲ ತಾನು ಪಡೆದದ್ದನ್ನೇ ಒಪ್ಪಿಸಿದೆ ಅನ್ನುತ್ತಾನೆ. "ಬಾಯಿಪಾಠದಲ್ಲಿತ್ತು ಅನ್ನು ಮತ್ತೆ!" ಅಂದರು. ಅಷ್ಟೇ ಬೇಕಿತ್ತು.

ಓದುವವರಿಗೆ: ಪೌಲನೇ ಬರೆದದ್ದು ಎಂಬುದಕ್ಕೆ ತಕರಾರಿಲ್ಲದ ಏಳು ಪತ್ರ ಮೊದಲು. 1 ಥೆಸಲೋನಿಕ (ಐದು ಅಧ್ಯಾಯ, ಒಂದೇ ಕೂತಿಗೆ ಮುಗಿಸಿ), ಗಲಾತ್ಯ, ಎರಡು ಕೊರಿಂಥ, ಫಿಲಿಪ್ಪಿ, ಫಿಲೆಮೋನ, ರೋಮಾಪುರ. ಒಟ್ಟು 61 ಅಧ್ಯಾಯ. ಫಿಲಿಪ್ಪಿ, ಫಿಲೆಮೋನ ಸೆರೆಯಲ್ಲಿದ್ದು ಬರೆದವು. ಯಾವ ಊರಿನ ಸೆರೆ ಅನ್ನುವುದರ ಮೇಲೆ ಅವು ಹಿಂದೆ ಮುಂದೆ ಆಗುತ್ತವೆ. ಆಮೇಲೆ ಮಾರ್ಕ. ಪುಸ್ತಕದ ತಲೆಯಲ್ಲಿ ಇಸವಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ, ಅಳಿಸಬೇಕಾಗುತ್ತದೆ. ಪತ್ರದ ಹೆಸರಿನ ಮುಂದಿನ 1, 2 ಅನ್ನುವ ಅಂಕಿ ನಂಬಬೇಡಿ: 1 ಕೊರಿಂಥ 5:9ರಲ್ಲೇ ಅದಕ್ಕೂ ಹಿಂದಿನ ಪತ್ರದ ಮಾತಿದೆ. ಮೊಬೈಲಿನಲ್ಲಿ ಸಿಗುವ ಕಾಲಾನುಕ್ರಮದ ಪಟ್ಟಿಗಳು ಸಾಮಾನ್ಯವಾಗಿ ಘಟನೆ ನಡೆದ ಕ್ರಮದವು, ಬರೆದ ಕ್ರಮದವಲ್ಲ.

ಹಳೆ ಒಡಂಬಡಿಕೆಯಿಂದ ಶುರು ಮಾಡಿದವರು ಆದಿಕಾಂಡದಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ, ಅದು ಒಂದೇ ಕಾಲದ ಬರಹವಲ್ಲ. ಯೆಶಾಯವೂ ಹಾಗೆಯೇ, 40ರಿಂದ ಮುಂದೆ ಬಾಬೆಲಿನ ಸೆರೆವಾಸದ ಗಾಳಿ. 45:1ರಲ್ಲಿ ಆ ಸೆರೆ ಬಿಡಿಸಿದ ಪಾರಸಿಯ ರಾಜ ಕೋರೆಷನ ಹೆಸರೇ ಬರುತ್ತದೆ. ಪ್ರವಾದಿ ಆಮೋಸನಿಂದ ಹಿಡಿದರೆ ನೆಲ ಸಿಗುತ್ತದೆ, ಕ್ರಿ.ಪೂ. 750ರ ಆಸುಪಾಸು.

ಮುಂದಿನ ವಾರ ಗಲಾತ್ಯ. ಅದನ್ನು ಕೆಲವರು ಥೆಸಲೋನಿಕಕ್ಕೂ ಹಿಂದೆ, 48-49ಕ್ಕೆ ಹಾಕುತ್ತಾರೆ. ಗಲಾತ್ಯ 2ರ ಯೆರೂಸಲೇಮಿನ ಭೇಟಿ ಕೃತ್ಯಗಳು 15ರ ಸಭೆಯೋ, 11ರ ಕೊನೆಯಲ್ಲಿ ಬರಗಾಲದ ಹಣ ಒಯ್ದದ್ದೋ? ಮೂರನ್ನೂ ಪಕ್ಕಪಕ್ಕ ಇಟ್ಟು ಓದಿಸಬೇಕು. ಅದಕ್ಕೂ ಮೊದಲು 2:1ರ ಹದಿನಾಲ್ಕು ವರ್ಷವನ್ನು ಎಲ್ಲಿಂದ ಎಣಿಸುವುದು ಅಂತ...