ಇಷ್ಟೆಲ್ಲಾ ಆದ್ರೂ ಚರ್ಚಿಗೆ ಹೋಗ್ತೀರೇನ್ರೀ ಅಕ್ಕಾರ?

ಹೋಗ್ತೇನೆ. ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

"ಇಷ್ಟೆಲ್ಲಾ" ಏನು ಅಂತ ಗೊತ್ತಿಲ್ಲದವರಿಗೆ: ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇತ್ತು. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆಯ ಪೋಸ್ಟರು. 2020ರಲ್ಲಿ ಲಾಕ್‌ಡೌನ್ ಬಂತು, ಮದುವೆಗೆ 50 ಜನ ಮಾತ್ರ ಅಂತಾಯಿತು. 50 ಜನಕ್ಕೆ ಕಾರ್ಡು ಯಾರು ಹಾಕಿಸುತ್ತಾರೆ? ಕರೆಯೋದೆಲ್ಲ ವಾಟ್ಸಾಪಿನಲ್ಲೇ ಮುಗಿಯಿತು. ಸಾಲಕ್ಕೆ ಮಷಿನ್ ಮಾರಿದೆವು. ಆಮೇಲೆ ನಮ್ಮನೆಯವರು ಮಾತೇ ಬಿಟ್ಟರು. ಗೋಡೆ ನೋಡಿಕೊಂಡು ಕೂತಿರುತ್ತಿದ್ದರು.

ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿ ನನಗೆ ಸಿಟ್ಟು ತರಿಸುತ್ತದೆ. ನಾನೇನೋ ಇಷ್ಟು ವರ್ಷ ಚೀಟಿ ಕಟ್ಟಿದ್ದೆ, ಚೀಟಿ ನಡೆಸುವವನು ದುಡ್ಡು ಎತ್ತಿಕೊಂಡು ಓಡಿಹೋದ, ಆದರೂ ಈ ಹುಚ್ಚಿ ಕಂತು ಕಟ್ಟುತ್ತಲೇ ಇದ್ದಾಳೆ ಅನ್ನೋ ಹಾಗೆ ಮುಖ ಮಾಡುತ್ತಾರೆ. ಪಾಪ, ಎಷ್ಟು ಮರುಕ!

ನಮ್ಮ ಚರ್ಚಿನ ಸಭೆಯವರೇನು ಕಡಿಮೆಯಿಲ್ಲ ಬಿಡಿ. ಬೆಳಿಗ್ಗೆ ಆರು ಗಂಟೆಗೆ ವಾಟ್ಸಾಪಿನಲ್ಲಿ ಗುಲಾಬಿ ಹೂವಿನ ಚಿತ್ರದ ಮೇಲೆ ಬೈಬಲಿನ ಯೆರೆಮೀಯ ಪ್ರವಾದಿಯ ಪುಸ್ತಕದ 29:11ನೇ ವಚನ ಬರುತ್ತಿತ್ತು. ನಿಮ್ಮ ಬಗ್ಗೆ ನನಗಿರುವುದು ಒಳ್ಳೆಯ ಯೋಚನೆಗಳೇ, ನಿಮಗೆ ನಿರೀಕ್ಷೆ ಇದೆ ಅಂತ ದೇವರು ಹೇಳುವ ಮಾತು. ಮಾತು ಚೆನ್ನಾಗಿದೆ. ಆದರೆ ಒಂದು ವಚನ ಮೇಲೆ ಕಣ್ಣು ಹಾಯಿಸಬಾರದಾ? ಅದು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಬರೆದ ಕಾಗದ. 70 ವರ್ಷ ಆದ ಮೇಲೆ ಊರಿಗೆ ಕರೆತರುತ್ತೇನೆ ಅಂತ ಇದೆ ಅಲ್ಲಿ. ಎಪ್ಪತ್ತು! ಕಾಗದ ಕೇಳಿಸಿಕೊಂಡ ದೊಡ್ಡವರಲ್ಲಿ ಎಷ್ಟು ಜನ ಊರು ನೋಡಿಯಾರು? ಅಲ್ಲಿಯವರೆಗೆ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ ಅಂತಾನೆ ಯೆರೆಮೀಯ. ಹಿಂದಿನ ಅಧ್ಯಾಯದಲ್ಲೇ ಹನನ್ಯ ಅನ್ನುವ ಇನ್ನೊಬ್ಬ ಪ್ರವಾದಿ, ಎರಡೇ ವರ್ಷದಲ್ಲಿ ಎಲ್ಲಾ ಸರಿಹೋಗುತ್ತೆ ಅಂದಿದ್ದ. ಅದು ಸುಳ್ಳು ಅಂತ ಯೆರೆಮೀಯ ಮುಖದ ಮೇಲೇ ಹೇಳಿದ. ನನ್ನ ಲೆಕ್ಕದಲ್ಲಿ ಗುಲಾಬಿ ಕಳಿಸುವವರೆಲ್ಲ ಹನನ್ಯನ ಕಡೆಯವರು.

ಆ ದಿನಗಳಲ್ಲಿ ಏನಂತ ಪ್ರಾರ್ಥನೆ ಮಾಡುತ್ತಿದ್ದೆ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಖುಷಿಯಿಂದ ಹೇಳುತ್ತಿದ್ದೆ. ಜಗಳ ಆಡುತ್ತಿದ್ದೆ ರೀ. ಬೈಬಲಿನ 13ನೇ ಕೀರ್ತನೆ ಶುರುವಾಗೋದೇ ಜಗಳದಿಂದ: ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ. ಅದರ ಕೊನೆಯಲ್ಲಾದರೂ ಸ್ವಲ್ಪ ಸಮಾಧಾನವಿದೆ. 88ರಲ್ಲಿ ಅದೂ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದನ್ನು ಯಾರೂ ತೆಗೆದುಹಾಕಿಲ್ಲ, ಬೇರೆ ಕೀರ್ತನೆಗಳ ಜೊತೆ ಅದೂ ಕೂತಿದೆ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ 22ನೇ ಕೀರ್ತನೆಯ ಮೊದಲ ಮಾತೇ, ಯಾಕೆ ನನ್ನ ಕೈ ಬಿಟ್ಟೆ ಅಂತ. ನನ್ನ ಸಿಟ್ಟಿಗೂ ಆ ಪುಸ್ತಕದಲ್ಲಿ ಜಾಗ ಇದೆ ಅಂತ ಗೊತ್ತಾದ ಮೇಲೆ ಭಾನುವಾರ ಸೀರೆ ಉಟ್ಟು ಹೊರಡೋದು ಕಷ್ಟ ಆಗಲಿಲ್ಲ. ಹಾಡಲು ಆಗುತ್ತಿರಲಿಲ್ಲ. ಸುಮ್ನೆ ನಿಂತಿರುತ್ತಿದ್ದೆ, ಪಕ್ಕದವರು ಹಾಡುತ್ತಿದ್ದರು.

ಬೈಬಲಿನ ಇನ್ನೊಬ್ಬ ಪ್ರವಾದಿ ಎಲೀಯನ ಕಥೆಯೂ ಆಗಲೇ ಸರಿಯಾಗಿ ಅರ್ಥವಾಗಿದ್ದು. ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕಪ್ಪಾ, ನನ್ನ ಪ್ರಾಣ ತೆಗೆದುಬಿಡು ಅಂದು ಮಲಗಿಬಿಡುತ್ತಾನೆ. ದೇವದೂತ ಬಂದು ಪ್ರಸಂಗ ಮಾಡೋದಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಬೈಯೋದಿಲ್ಲ, ಇನ್ನೊಮ್ಮೆ ಎಬ್ಬಿಸಿ ತಿನ್ನಿಸುತ್ತಾನೆ.

ನಮ್ಮನೆಗೆ ಬಂದದ್ದು ಸಭೆಯ ಒಬ್ಬ ಅಜ್ಜಿ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಹಿಡಿದು ಬರುತ್ತಿದ್ದರು. ಒಂದು ವಚನ ಹೇಳಿದವರಲ್ಲ. "ಏಳೋ ತಮ್ಮಾ, ಉಣ್ಣು ಬಾ" ಅಂತ ನಮ್ಮನೆಯವರನ್ನು ಕರೆಯುತ್ತಿದ್ದರು. ನಾನು ಕರೆದರೆ ಏಳದವರು ಅಜ್ಜಿಗೆ ಎದ್ದು ಬರುತ್ತಿದ್ದರು. ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಪ್ರೆಸ್ ವಾಪಸ್ ಬರಲಿಲ್ಲ. ಈಗ ಅವರು ಬೇರೆಯವರ ಅಂಗಡಿಯಲ್ಲಿ ಡಿಸೈನ್ ಮಾಡುತ್ತಾರೆ. "ನೋಡಿ, ಕೊನೆಗೂ ದೇವರು ಕೈ ಹಿಡಿದ" ಅಂತ ಕೆಲವರು ಖುಷಿಪಡುತ್ತಾರೆ. ಸಂಬಳ ಎಷ್ಟು ಅಂತ ಹೇಳಿದರೆ ಅವರೂ ಸುಮ್ಮನಾಗುತ್ತಾರೆ.