ಕಳ್ಳ ಸೆನ್ಸರ್ ಅಲ್ಲ, ಕೊಳವೆ

ಮೂರು ವಾರ ಸುಮ್ನೆ ಸೆನ್ಸರಿಗೆ ಬೈದೆ. ಪಾಪ.

ಮನೆಗೆ ಬೇಕಾದಷ್ಟು ಕಾಫಿ ಹುರಿಯಲು ಒಂದು ಚಿಕ್ಕ ಡ್ರಮ್ ಮಾಡಿಸಿಕೊಂಡಿದ್ದೇನೆ. ಒಂದು ಸಲಕ್ಕೆ ಒಂದು ಕೆಜಿ ಅರೇಬಿಕಾ. ಬೀಜದ ಬಿಸಿ ನೋಡಲು ಕೆ-ಟೈಪ್ ಥರ್ಮೋಕಪಲ್ ಇದೆ, ಅಂದರೆ ಕಡ್ಡಿಯಂಥ ಸೆನ್ಸರ್. ಬರೀ ಕಡ್ಡಿ ಇಟ್ಟರೆ ಉರುಳುವ ಬೀಜದ ಹೊಡೆತಕ್ಕೆ ಬಾಗುತ್ತದೆ ಅಂತ ಲೇತ್‌ನವರು ತುದಿ ಮುಚ್ಚಿದ ದಪ್ಪ ಸ್ಟೀಲ್ ಕೊಳವೆಯೊಂದನ್ನು ಕೂರಿಸಿಕೊಟ್ಟರು. ತಲೆನೋವು ಅಲ್ಲಿಂದಲೇ. ಬೀಜ ಚಟಚಟ ಅನ್ನುವುದು 195 ಡಿಗ್ರಿ ಆಸುಪಾಸಿನಲ್ಲಿ. ನನ್ನ ಮೀಟರಿನಲ್ಲಿ ಆಗ 171!

ಕಡ್ಡಿಯನ್ನು ಹೊರಗೆಳೆದು ಕುದಿಯುವ ನೀರಿಗೆ ಅದ್ದಿದೆ. 96. "ನೋಡು, ನಾಲ್ಕು ಡಿಗ್ರಿ ಕಮ್ಮಿ, ಮಾಲೇ ಸರಿಯಿಲ್ಲ" ಅಂದೆ. ಪಿಯುಸಿ ಓದುವ ಅಕ್ಕನ ಮಗಳು ನಕ್ಕಳು.

"ಮಾವ, ನಾವೇನು ಮಂಗಳೂರಲ್ಲಿದ್ದೀವಾ?"

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ನೀರು ಕುದಿಯುವುದೇ 96ಕ್ಕೆ. ಇಲ್ಲಿ ಬೇಳೆ ಬೇಗ ಬೇಯಲ್ಲ ಅಂತ ಅಮ್ಮ ಗೊಣಗುವುದು ಇದಕ್ಕೇ ಅಲ್ವಾ! ಐಸ್ ಪುಡಿ ಮಾಡಿ, ಸ್ವಲ್ಪ ನೀರು ಬೆರೆಸಿ ಅದರಲ್ಲೂ ಇಟ್ಟು ನೋಡಿದೆವು. ಸೊನ್ನೆ. ಐಸಿಗೆ ಬೆಟ್ಟ, ಬಯಲು ಎಲ್ಲ ಒಂದೇ.

ಆಮೇಲೆ ಕಡ್ಡಿಯನ್ನು ಕೊಳವೆ ಸಮೇತ ಕುದಿಯುವ ನೀರಿಗೆ ಇಳಿಸಿದೆ. ಬರೀ ಕಡ್ಡಿ ಹತ್ತು ಸೆಕೆಂಡಿನಲ್ಲಿ 96 ಮುಟ್ಟಿತ್ತು. ಈಗ ಮೂರು ನಿಮಿಷವಾದರೂ 88ರಲ್ಲೇ ಕೂತಿತು.

ಟಾರ್ಚ್ ಹಾಕಿ ಕೊಳವೆಯೊಳಗೆ ನೋಡಿದೆ. ಕಡ್ಡಿ 3 ಮಿ.ಮೀ., ತೂತು 8 ಮಿ.ಮೀ. ಸುತ್ತಲೂ ಗಾಳಿ. ಗಾಳಿ ಅಂದರೆ ಕಂಬಳಿ ಹೊದಿಸಿದ ಹಾಗೆ, ಬಿಸಿ ಒಳಗೆ ಬರಲ್ಲ. ಮೇಲಾಗಿ ಕಡ್ಡಿಯ ತುದಿ ತಳ ಮುಟ್ಟುತ್ತಲೇ ಇರಲಿಲ್ಲ, ಒಂದು ಬೆರಳಿನಷ್ಟು ಮೇಲೆ ತೂಗಾಡುತ್ತಿತ್ತು. ಇನ್ನೊಂದು ತಪ್ಪು ನನ್ನದೇ: ಬೀಜದ ರಾಶಿಯೊಳಗೆ ಕೊಳವೆ ಮೂರೇ ಸೆಂಟಿಮೀಟರ್ ಇತ್ತು, ಉಳಿದದ್ದು ಹೊರಗಿನ ತಣ್ಣನೆ ಗಾಳಿಯಲ್ಲಿ. ದಪ್ಪ ಸ್ಟೀಲು ಬಿಸಿಯನ್ನು ಹೊರಕ್ಕೆ ಸಾಗಿಸುತ್ತಿತ್ತು. ಕೊಳವೆಯ ದಪ್ಪದ (ಹೊರಗಿನ ಅಡ್ಡಳತೆಯ) ಹತ್ತು ಪಟ್ಟು ಉದ್ದವಾದರೂ ಬಿಸಿಯೊಳಗೆ ಇರಬೇಕು ಅನ್ನುವುದು ಈ ಕೆಲಸದವರ ಲೆಕ್ಕ. ನನ್ನದು 12 ಮಿ.ಮೀ. ದಪ್ಪ. ಅಷ್ಟುದ್ದ ಒಳಗೆ ಹೋದರೆ ಡ್ರಮ್ಮಿನ ರೆಕ್ಕೆಗೇ ತಾಗುತ್ತದೆ.

ಹಾಗಾಗಿ 6 ಮಿ.ಮೀ. ದಪ್ಪದ ತೆಳು ಕೊಳವೆ ಹುಡುಕಿದೆ. ಆರು ಸೆಂಟಿಮೀಟರ್ ಒಳಗಿಟ್ಟೆ. ಕಡ್ಡಿಗೆ ಚಪಾತಿ ಕಟ್ಟುವ ಅಲ್ಯುಮಿನಿಯಂ ಫಾಯಿಲ್ ಬಿಗಿಯಾಗಿ ಸುತ್ತಿ, ತುದಿ ತಳಕ್ಕೆ ಒತ್ತುವವರೆಗೆ ತಳ್ಳಿದೆ.

ಈಗ 192ಕ್ಕೆ ಚಟಚಟ. ಬೀಜ ಬಿಸಿಯಾಗುತ್ತಾ ಹೋಗುವಾಗ ಕೊಳವೆಯೊಳಗಿನ ಕಡ್ಡಿ ಸ್ವಲ್ಪ ಹಿಂದೆಯೇ ಇರುತ್ತದೆ. ಗ್ಯಾಸ್ ಆರಿಸುವ ನಂಬರನ್ನು ಮೂರು ಡಿಗ್ರಿ ಇಳಿಸಿ, ಚೀಟಿ ಬರೆದು ಸ್ಟ್ಯಾಂಡಿಗೆ ಅಂಟಿಸಿದ್ದೇನೆ.